ಬಚ್ಚಲಮನೆಯ ಧರ್ಮಜಿಜ್ಞಾಸೆ

ಧರ್ಮಸಂಕಟವೆಂದೊಡನೆ ನಮಗೆ ಕುರುಕ್ಷೇತ್ರ ನೆನಪಾಗುತ್ತದೆ. ರಥ, ಗಾಂಡೀವ, ಎರಡು ಸೈನ್ಯಗಳು ಕಣ್ಣೆದುರು ನಿಲ್ಲುತ್ತವೆ. ಅಷ್ಟು ದೊಡ್ಡ ರಂಗಸ್ಥಳ ಎಲ್ಲರಿಗೂ ಒದಗುವುದಿಲ್ಲ. ನಿವೃತ್ತಿವೇತನದಲ್ಲಿ ಕಾಲ ಕಳೆಯುವ ನಮ್ಮಂಥವರ ಮನೆಗೆ ಧರ್ಮಸಂಕಟ ಬರುವುದಾದರೆ ಅದು ಹಿತ್ತಲ ಬಾಗಿಲಿನಿಂದ, ಪ್ಲಂಬರನ ಅಂದಾಜುಪಟ್ಟಿಯ ರೂಪದಲ್ಲಿ ಬರುತ್ತದೆ. ಮನೆಯ ದುರಸ್ತಿ ಆರಂಭವಾಗಿದೆ. ಬಚ್ಚಲಮನೆಯ ಹಾಸುಗಲ್ಲು, ಒಲೆಯಲ್ಲಿ ಹೂತ ತಾಮ್ರದ ಹಂಡೆ, ತಣ್ಣೀರಿನ ಕಲ್ಲುದೋಣಿ ಇವನ್ನೆಲ್ಲ ತೆಗೆದು ಶವರ್ ಹಾಕಿಸಬೇಕೋ ಬೇಡವೋ ಎಂಬುದು ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿರುವ ಚರ್ಚೆ. ಇದು ಕೇವಲ ಗೃಹಕೃತ್ಯದ ಮಾತೆಂದು ಕೆಲವರಿಗೆ ತೋರಬಹುದು. ಜತ್ತ ತಾಲೂಕಿನ ಪೂರ್ವಭಾಗದಲ್ಲಿ ವಾಸಿಸುವವರಿಗೆ ಹಾಗೆ ತೋರಲಾರದು.

ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಮಗನ ವಾದ ಸರಳವಾದದ್ದು. "ಅಪ್ಪಾ, ಬೋರು ನಮ್ಮದು, ಮೋಟಾರು ನಮ್ಮದು, ಕರೆಂಟ್ ಬಿಲ್ಲೂ ನಾವೇ ಕಟ್ಟತೀವಿ. ನಮ್ಮ ನೀರು ನಾವು ಹ್ಯಾಂಗ ಸುರಕೊಂಡ್ರ ಯಾರಿಗೇನು?" ಎಂದು ಅವನು ಕೇಳುತ್ತಾನೆ. ಕಾನೂನು ಬಹುಮಟ್ಟಿಗೆ ಅವನ ಕಡೆಗೇ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದಲೂ ನೆಲದ ಒಡೆಯನೇ ಅದರ ಅಡಿಯ ನೀರನ್ನು ಎತ್ತಿಕೊಳ್ಳಬಲ್ಲನೆಂಬ ಭಾವನೆ ನಮ್ಮ ದೇಶದಲ್ಲಿ ಬೇರೂರಿದೆ. ಆದರೆ ಕಾನೂನು ತಡೆಯದಿರುವುದೆಲ್ಲವೂ ಧರ್ಮವೆಂದು ನಮ್ಮ ಹಿರಿಯರಾರೂ ಹೇಳಿದ್ದಿಲ್ಲ.

ಬಿ.ಎ. ತರಗತಿಯಲ್ಲಿ ನಾವು ಓದಿದ ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞ ಜಾನ್ ಲಾಕ್ ಸ್ವತ್ತಿನ ಹಕ್ಕನ್ನು ವಿವರಿಸುವಾಗ ನೀರಿನ ದೃಷ್ಟಾಂತವನ್ನೇ ತೆಗೆದುಕೊಳ್ಳುತ್ತಾನೆ. ತುಂಬಿ ಹರಿಯುವ ಹೊಳೆಯಲ್ಲಿ ಒಬ್ಬನು ಹೊಟ್ಟೆ ತುಂಬ ಕುಡಿದರೆ ಮತ್ತೊಬ್ಬನಿಗೆ ಅನ್ಯಾಯವಾಗುವುದಿಲ್ಲ, ಏಕೆಂದರೆ ಅವನಿಗಾಗಿ ಇಡೀ ಹೊಳೆಯೇ ಉಳಿದಿದೆ ಎಂಬುದು ಅವನ ಅಭಿಪ್ರಾಯದ ಸಾರ. ಬೇರೆಯವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿಯುವಂತಿದ್ದರೆ ಮಾತ್ರ ನಾವು ತೆಗೆದುಕೊಂಡದ್ದು ನ್ಯಾಯವಾಗಿ ನಮ್ಮದು. ತರಗತಿಯಲ್ಲಿ ಇದನ್ನು ಓದಿದಾಗ ಬಹು ಉದಾರವಾದ ಮಾತೆನಿಸಿತ್ತು. ಆದರೆ ನಮ್ಮ ಬೋರ ನದಿಯ ದಂಡೆಯಲ್ಲಿ ಮಾಘಮಾಸದಲ್ಲಿ ನಿಂತು ನೋಡಿದವರಿಗೆ ಈ ದೃಷ್ಟಾಂತದ ತಳವೇ ಒಣಗಿರುವುದು ಕಾಣುತ್ತದೆ. ನಮ್ಮ ನೆಲ ಕರಿಕಲ್ಲಿನ ನೆಲ. ನೀರು ಕಲ್ಲಿನ ಬಿರುಕುಗಳಲ್ಲಿ ನಿಂತಿರುತ್ತದೆ. ಬಿರುಕಿಗೆ ಉತಾರದ ಗಟ್ ನಂಬರು ಗೊತ್ತಿಲ್ಲ. ನಾವು ಮೋಟಾರು ಹಚ್ಚಿದಾಗ ನೆರೆಯವರ ಭಾವಿಯ ಮಟ್ಟ ಇಳಿಯುವುದುಂಟು, ಅವರು ಹಚ್ಚಿದಾಗ ನಮ್ಮದು ಇಳಿಯುವುದೂ ಉಂಟು. ಲಾಕ್‌ನ ಅಳತೆಗೋಲಿನಿಂದಲೇ ಅಳೆದರೂ "ನಮ್ಮ ನೀರು" ಎಂಬ ಮಾತನ್ನು ಇಲ್ಲಿ ಅನುಮಾನದಿಂದಲೇ ಆಡಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಗಡಿನಾಡ ಕನ್ನಡಿಗರಾದ ನಾವು ಮರೆಯುವಂತಿಲ್ಲ. 2012ರ ಬರಗಾಲದಲ್ಲಿ ನಮ್ಮ ತಾಲೂಕಿನ ಸುಮಾರು 40 ಗ್ರಾಮಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದನ್ನು ಪ್ರಸ್ತಾಪಿಸಿದಾಗ ಜತ್ತದ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನಗಟ್ಟಲೆ ಮೆರೆಯಿತು. ಅನಂತರ ಮಹಾರಾಷ್ಟ್ರ ಸರಕಾರ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಒಪ್ಪಿಗೆ ನೀಡಿತು. ಆ ಯೋಜನೆಯ ನೀರು ತಾನಾಗಿ ಹರಿದು ಬರುವುದಲ್ಲ. ಮಿರಜ ತಾಲೂಕಿನಲ್ಲಿ ಕೃಷ್ಣೆಯಿಂದ ಪಂಪುಗಳ ಮೂಲಕ ಹಂತಹಂತವಾಗಿ ಮೇಲೆತ್ತಿ ತರಬೇಕಾದದ್ದು. ಅಂದರೆ ಎರಡು ರಾಜ್ಯಗಳ ಎದುರು ನಿಂತು ನಾವು ಕೇಳಿದ್ದು ನೀರನ್ನು, ಅದೂ ನ್ಯಾಯದ ಹೆಸರಿನಲ್ಲಿ. ನ್ಯಾಯದ ಹೆಸರಿನಲ್ಲಿ ಕೇಳಿದ ವಸ್ತುವಿನ ಲೆಕ್ಕವನ್ನು ಕೇಳಿದವನೂ ಒಪ್ಪಿಸಬೇಕಾಗುತ್ತದೆ. ಹೊರಗೆ ನೀರಿಗಾಗಿ ಮನವಿಪತ್ರಕ್ಕೆ ಸಹಿ ಹಾಕಿ, ಒಳಗೆ ಕದವಿಕ್ಕಿಕೊಂಡು ನಲ್ಲಿ ತಿರುಗಿಸಿ ಹಾಡುತ್ತ ನಿಲ್ಲುವುದು ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ.

ಹಾಗಾದರೆ ಶವರ್ ಅಧರ್ಮವೇ? ಇಲ್ಲಿ ಲೆಕ್ಕ ಬೇಕು. ಪುಣೆಯ ಮಗನ ಮನೆಯಲ್ಲಿ ನಾವು ಶವರಿನ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆವು. (ಸೊಸೆ ನಕ್ಕಳು, ನಿವೃತ್ತ ಶಿಕ್ಷಕರ ಮನೆಯಲ್ಲಿ ಇಂಥವು ನಡೆಯುತ್ತಿರುತ್ತವೆ.) 18 ಲೀಟರಿನ ಬಕೆಟ್ ಎರಡು ನಿಮಿಷ ತುಂಬುವ ಮೊದಲೇ ತುಂಬಿತು. ಎಂದರೆ ನಿಮಿಷಕ್ಕೆ ಸುಮಾರು 10 ಲೀಟರು. ಎಂಟು ನಿಮಿಷ ನಿಂತವನು 80 ಲೀಟರು ಬಳಸಿದಂತಾಯಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಯ ಇಡೀ ದಿನದ ಎಲ್ಲ ಅಗತ್ಯಗಳಿಗೆ ಗೊತ್ತುಮಾಡಿದ ಪ್ರಮಾಣ 55 ಲೀಟರು. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಕಡಿಮೆ ಹರಿವಿನ ಶವರುಗಳು ನಿಮಿಷಕ್ಕೆ 6 ಲೀಟರಿನಲ್ಲಿ ಕೆಲಸ ಮಾಡುತ್ತವೆ. ಸಾಬೂನು ಹಚ್ಚುವಾಗ ನಿಲ್ಲಿಸಿ ಒಟ್ಟು ಮೂರು ನಿಮಿಷ ಮಾತ್ರ ಬಿಟ್ಟುಕೊಂಡರೆ 18 ಲೀಟರು, ಅಂದರೆ ಒಂದು ಬಕೆಟ್. ದೀಪಾವಳಿಯ ಎಣ್ಣೆನೀರಿನ ದಿನ ಹಂಡೆಯ ಬಿಸಿನೀರಿಗೆ ದೋಣಿಯ ತಣ್ಣೀರು ಬೆರೆಸಿ ಮೂರು ಮೂರು ಬಕೆಟ್ ಸುರಿದುಕೊಳ್ಳುವ ನಮ್ಮವರು ಆ ದಿನ ಶವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

ಹೀಗಿರುವಾಗ ವ್ಯತ್ಯಾಸವಿರುವುದು ಎಲ್ಲಿ? ನಮ್ಮ ವಿಚಾರದಲ್ಲಿ ಅದು ಅಳತೆಯ ಸ್ಥಾನದಲ್ಲಿದೆ. ಬಕೆಟ್ಟಿನಲ್ಲಿ ಅಳತೆ ಸ್ನಾನಕ್ಕೆ ಮೊದಲೇ ನಿರ್ಧಾರವಾಗಿ ಕಣ್ಣೆದುರು ಕುಳಿತಿರುತ್ತದೆ. ಪ್ರತಿ ಚರಿಗೆಗೂ ಎಷ್ಟು ಉಳಿಯಿತೆಂಬುದು ಕಾಣುತ್ತದೆ. ಕೊನೆಯ ಚರಿಗೆಯನ್ನು ತಲೆಗೋ ಕಾಲಿಗೋ ಎಂದು ಮನುಷ್ಯ ಯೋಚಿಸುತ್ತಾನೆ. ಶವರಿನಲ್ಲಿ ಅಂತ್ಯವೆಂಬುದು ನೀರಿನಲ್ಲಿಲ್ಲ, ನಿಂತವನ ಮನಸ್ಸಿನಲ್ಲಿದೆ. ಬಿಸಿನೀರು ಬೆನ್ನ ಮೇಲೆ ಬೀಳುತ್ತಿರುವಾಗ ಮನಸ್ಸು ಒಳ್ಳೆಯ ನ್ಯಾಯಾಧೀಶನಲ್ಲ. ಸಂಯಮಿಯಾದವನಿಗೆ ಎರಡೂ ಒಂದೇ. ನಾವು ದಿನವೂ ಬೆಳಿಗ್ಗೆ ಆರು ಗಂಟೆಗೆ ಸಂಯಮಿಗಳಾಗಿರುತ್ತೇವೆಂದು ಬರೆದುಕೊಡಲು ಸಿದ್ಧರಿಲ್ಲ. ನಮ್ಮ ತಾಲೂಕಿನ ದಾಳಿಂಬೆ ಬೆಳೆಗಾರರನ್ನೇ ನೋಡಿರಿ. ಗಿಡಕ್ಕೆ ದಿನಕ್ಕೆಷ್ಟು ಲೀಟರೆಂದು ಡ್ರಿಪ್ಪಿನ ಹನಿ ಎಣಿಸಿ ಕೊಡುತ್ತಾರೆ. ತಮ್ಮ ಮೈಗೆ ಎಷ್ಟೆಂದು ಕೇಳಿದರೆ ಲೆಕ್ಕವಿಲ್ಲ.

ಇಷ್ಟು ಹೇಳಿದ ಮೇಲೆ ಹಳೆಯ ಬಚ್ಚಲೇ ಶ್ರೇಷ್ಠವೆಂದು ಲೇಖನ ಮುಗಿಸುವುದು ಸುಲಭವಾಗಿತ್ತು. ಸಮ್ಮೇಳನಗಳಲ್ಲಿ ಹಿರಿಯರಿಂದ ಅಂಥ ಮಾತುಗಳನ್ನೇ ನಿರೀಕ್ಷಿಸುತ್ತಾರೆ. ಆದರೆ ಹಂಡೆಯ ಹಿಂದೆ ಹೊಗೆಯ ಇತಿಹಾಸವಿದೆ. ಅದನ್ನು ತುಂಬಿದವರು ಯಾರು? ನಮ್ಮ ಬಾಲ್ಯದಲ್ಲಿ ಗಂಡಸರು ಹಂಡೆ ತುಂಬಿದ್ದನ್ನು ನಾವು ಕಂಡಿಲ್ಲ. ತಾಯಂದಿರು, ಅಕ್ಕಂದಿರು, ಹೊಸದಾಗಿ ಬಂದ ಸೊಸೆಯಂದಿರು ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಊರ ಭಾವಿಯಿಂದ ತಂದರು. ತೊಗರಿಕಟ್ಟಿಗೆ, ಜೋಳದ ಕೊಯ್ಲಿ, ಕುಳ್ಳು ಇಟ್ಟು ಊದಿದರು. ಸ್ನಾನದ ಸರದಿಯಾದರೂ ಹೇಗಿತ್ತು? ಮೊದಲು ಮನೆಯ ಯಜಮಾನ, ಆಮೇಲೆ ಗಂಡುಮಕ್ಕಳು, ಶಾಲೆಗೆ ಹೋಗುವ ಹುಡುಗರು. ಕೊನೆಯಲ್ಲಿ ಹಂಡೆಯ ತಳದಲ್ಲಿ ಉಗುರುಬೆಚ್ಚಗಿನ ನೀರು ಉಳಿದರೆ ಅದು ತುಂಬಿದವಳ ಪಾಲು. 1972ರ ಬರದಲ್ಲಿ ವಾರಕ್ಕೊಮ್ಮೆ ಮೈತೊಳೆದುಕೊಂಡ ಹೆಂಗಸರಿದ್ದರು. ನಾವು ಇಂದು ಹೆಮ್ಮೆಯಿಂದ ನೆನೆಯುವ ಮಿತವ್ಯಯದ ಬಹುಭಾಗವನ್ನು ಆಚರಿಸಿದವರು ಅವರು. ಮೆಚ್ಚುಗೆ ಮಾತ್ರ ಮನೆತನಕ್ಕೆ ಸಂದಿತು. ಇನ್ನು ಆ ಭಾವಿಯ ಕಟ್ಟೆಯನ್ನೇ ಹತ್ತಲು ಬಿಡದೆ ದೂರ ನಿಲ್ಲಿಸಿದ ಕೇರಿಗಳ ಮಾತು ಬೇರೆಯೇ ಇದೆ. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಬೇಕಾಗಿ ಬಂದದ್ದು ಇದೇ ಮಹಾರಾಷ್ಟ್ರದಲ್ಲಿ. ಆದ್ದರಿಂದ ಗತಕಾಲವನ್ನು ಸಾಕ್ಷಿಯಾಗಿ ಕರೆಯುವಾಗ ಅದರ ಪೂರ್ಣ ಹೇಳಿಕೆಯನ್ನು ಕೇಳಬೇಕು.

ನಮ್ಮ ಮನೆಯವರ ವಾದ ಮಗನ ವಾದಕ್ಕಿಂತ ಗಟ್ಟಿಯಾದದ್ದು. ಅವರಿಗೆ ಅರವತ್ತೆಂಟು ವರ್ಷ; ಎರಡೂ ಮೊಣಕಾಲು ಸವೆದಿವೆ, ಬಲಭುಜ ಮೇಲೇಳುವುದಿಲ್ಲ. "ನಿಮ್ಮ ಧರ್ಮ ನೀವು ಬರಕೋರಿ. ನನಗ ಬಗ್ಗಾಕ ಬರೂದುಲ್ಲ, ಚರಿಗಿ ತಲಿಮ್ಯಾಲೆ ಎತ್ತಾಕ ಆಗೂದುಲ್ಲ. ನಾಳೆ ಸೊಸಿ ಕಡೆಯಿಂದ ನೀರು ಹಾಕಿಸಿಕೊಳ್ಳೂ ಹೊತ್ತು ಬರಬಾರದು, ಅಷ್ಟ" ಎಂದರು. ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವುದು ಮನುಷ್ಯನ ಮಾನಕ್ಕೆ ಸಂಬಂಧಿಸಿದ ವಿಷಯ. ಕದವಿಕ್ಕಿಕೊಂಡು, ಯಾರ ಕೈಯನ್ನೂ ಕಾಯದೆ ಸ್ನಾನ ಮುಗಿಸುವ ಮುದುಕಿಗೆ ಸಿಗುವ ನೆಮ್ಮದಿಯನ್ನು ಲೀಟರಿನಲ್ಲಿ ಅಳೆಯಲು ಬರುವುದಿಲ್ಲ. ಹಾಸುಗಲ್ಲಿನ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಎತ್ತರದ ಆಸನದ ಮೇಲೆ ಕುಳಿತು, ಕೈಯಲ್ಲಿ ಹಿಡಿದು ನೀರು ಬಿಟ್ಟುಕೊಳ್ಳುವ ಹ್ಯಾಂಡ್ ಶವರು ಅಂಥವರಿಗೆ ಭೋಗವಸ್ತುವಲ್ಲ. ಊರುಗೋಲಿನ ಸಾಲಿಗೆ ಸೇರಿದ್ದು.

ನೀರಿನ ಬಳಕೆಯಲ್ಲಿ ದಾಹ ಮೊದಲನೆಯದು. ಅದರಲ್ಲಿ ನಮ್ಮ ಭಾಗದವರಿಗೆ ಸಂಶಯವಿಲ್ಲ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ನೀರು ಕೊಡುವವರು ಕೊಡ ಎಣಿಸುವುದಿಲ್ಲ. ಇತ್ತ ಭೋಗದ ವಿಷಯದಲ್ಲಿಯೂ ಸಂಶಯವಿಲ್ಲ. ಬರಗಾಲದಲ್ಲಿ ಕಾರಂಜಿ ಬಿಡುವವನನ್ನು ಯಾರೂ ಹೊಗಳುವುದಿಲ್ಲ. ಸ್ನಾನ ಇವೆರಡರ ನಡುವೆ ಇರುವುದೇ ತೊಡಕು. ಅದರ ಒಂದು ಭಾಗ ಆರೋಗ್ಯ, ಒಂದು ಭಾಗ ಮಾನ, ಉಳಿದದ್ದು ಸುಖ. ಯಾವ ಚರಿಗೆಯಲ್ಲಿ ಮಾನ ಮುಗಿದು ಸುಖ ಆರಂಭವಾಯಿತೆಂದು ಗೆರೆ ಎಳೆಯುವುದು ಕಷ್ಟ. ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ವೇಳೆ ಉಗುರು, ಕೂದಲು, ಮೈಯ ಸ್ವಚ್ಛತೆಯನ್ನು ಪರೀಕ್ಷಿಸುವ ಪದ್ಧತಿಯಿತ್ತು. ಟ್ಯಾಂಕರ್ ಬರುವ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಿರುತ್ತಿದ್ದೆವು. ರಾತ್ರಿ ಹನ್ನೊಂದರವರೆಗೆ ಟ್ಯಾಂಕರಿನ ಸರದಿಯಲ್ಲಿ ಕೊಡ ಕಾಯ್ದು, ಬೆಳಿಗ್ಗೆ ಮುಖಕ್ಕಷ್ಟೇ ನೀರು ಹಚ್ಚಿಕೊಂಡು ಬಂದ ಹುಡುಗಿಯನ್ನು ಸಾಲಿನಿಂದ ಹೊರಗೆ ಕರೆದು ನಿಲ್ಲಿಸುವುದು ಯಾವ ಶಿಕ್ಷಣ? ಆ ಮಕ್ಕಳಿಗೆ ಎರಡು ಚರಿಗೆ ಹೆಚ್ಚು ನೀರು ಸಿಕ್ಕಿದ್ದರೆ ಅದು ಪೂರ್ತಿ ಮಾನಕ್ಕೇ ಸಲ್ಲುತ್ತಿತ್ತು. ನಮ್ಮ ಎಂಟನೆಯ ನಿಮಿಷದ ನೀರಿಗೆ ಅಂಥ ಹೆಸರು ಕೊಡಲಾಗದು.

"ಒಂದು ಬಕೆಟ್ ಉಳಿಸಿದ್ರ ಬರ ಹೋಗತೈತೇನು?" ಎಂಬುದು ಮಗನ ಕೊನೆಯ ಬಾಣ. ಹೋಗುವುದಿಲ್ಲ. ನೀರಿನ ದೊಡ್ಡ ಪಾಲು ಹೊಲಗಳಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ಪಶ್ಚಿಮಕ್ಕೆ ಹೋದರೆ ಕಣ್ಣು ಹಾಯುವಷ್ಟು ಕಬ್ಬು ಕಾಣುತ್ತದೆ. ಒಂದು ಎಕರೆ ಕಬ್ಬಿನ ಮುಂದೆ ನಮ್ಮ ಇಡೀ ಓಣಿಯ ಸ್ನಾನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಬಚ್ಚಲಿನ ಉಳಿತಾಯವನ್ನು ತೋರಿಸಿ ನೀರಾವರಿಯ ಅನ್ಯಾಯವನ್ನು ಮರೆಸುವವರ ಬಗ್ಗೆ ಎಚ್ಚರವಾಗಿಯೂ ಇರಬೇಕು. ಆದರೂ ಟ್ಯಾಂಕರು ನಿಂತ ದಿನ ನಮ್ಮ ಬೋರಿನಿಂದ ನೆರೆಮನೆಗೆ ಕೊಡುವ ನಾಲ್ಕು ಕೊಡ ನೀರು ಕಬ್ಬಿನ ಗದ್ದೆಯಿಂದ ಬರುವುದಿಲ್ಲ, ನಮ್ಮ ಮನೆಯ ಟಾಕಿಯಿಂದಲೇ ಬರಬೇಕು. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಮೊದಲ ಗಾಡಿಯಲ್ಲಿ ಹೋದದ್ದು ಸುಮಾರು 5 ಲಕ್ಷ ಲೀಟರು. ದೊಡ್ಡ ನಗರಕ್ಕೆ ಅದು ಅಲ್ಪವೇ ಸರಿ. ಕೊಡ ಹಿಡಿದು ನಿಂತವರಿಗೆ ಮಾತ್ರ ಅಲ್ಪವೆನಿಸಿರಲಾರದು.

ಕಡೆಗೆ ಮನೆಯಲ್ಲಿ ಆದ ತೀರ್ಮಾನವನ್ನು ಹೇಳುವೆವು. ಯಾರಿಗಾದರೂ ಉಪಯೋಗವಾದರೆ ಸಂತೋಷ. ಹಾಸುಗಲ್ಲು ಹೋಗಲಿದೆ. ಜಾರದ ಫರ್ಶಿ, ಗೋಡೆಗೆ ಹಿಡಿಕೆ, ಕುಳಿತುಕೊಳ್ಳಲು ಕಟ್ಟೆ, ಹ್ಯಾಂಡ್ ಶವರು ಬರುತ್ತವೆ. ಆದರೆ ಶವರಿನ ಕೊಳವೆಯನ್ನು ಮಾಳಿಗೆಯ ದೊಡ್ಡ ಟಾಕಿಗೆ ಜೋಡಿಸುವುದಿಲ್ಲ. ಬಚ್ಚಲಿನ ಗೋಡೆಯ ಮೇಲ್ಭಾಗದಲ್ಲಿ 25 ಲೀಟರು ಹಿಡಿಯುವ, ಹೊರಗಿನಿಂದ ಮಟ್ಟ ಕಾಣುವ ಬಿಳಿಯ ಡ್ರಮ್ ಕೂಡಿಸಿ ಅದಕ್ಕೆ ಜೋಡಿಸುತ್ತೇವೆ. ಸೋಲಾರಿನ ಬಿಸಿನೀರು, ತಣ್ಣೀರು ಎರಡನ್ನೂ ನಲ್ಲಿ ತಿರುಗಿಸಿ ಅದರಲ್ಲಿ ತುಂಬಿಕೊಂಡು, ನಲ್ಲಿ ಕಟ್ಟಿ, ಅನಂತರ ಸ್ನಾನಕ್ಕೆ ಕೂಡುವುದು. ಡ್ರಮ್ ಬರಿದಾದರೆ ಸ್ನಾನ ಮುಗಿಯಿತು. ಪ್ಲಂಬರನಿಗೆ ಇದು ವಿಚಿತ್ರವೆನಿಸಿತು. ಇಷ್ಟು ಕಡಿಮೆ ಎತ್ತರದಿಂದ ನೀರು ಜೋರಾಗಿ ಬೀಳುವುದಿಲ್ಲವೆಂದು ಎಚ್ಚರಿಸಿದ. ಜೋರು ನಮಗೆ ಬೇಕಾಗಿಲ್ಲವೆಂದು ನಮ್ಮ ಮನೆಯವರೇ ಉತ್ತರಿಸಿದರು. ಬಚ್ಚಲ ನೀರನ್ನು ಸಂಡಾಸಿನ ಗುಂಡಿಗೆ ಕೂಡಿಸದೆ ಮೊದಲಿನಂತೆ ಹಿತ್ತಲಿನ ಬಾಳೆಗೆ, ಕರಿಬೇವಿಗೆ ಬಿಡಲು ಹೇಳಿದ್ದೇವೆ. ಇದಕ್ಕೆ ಯಾರ ವಿರೋಧವೂ ಬರಲಿಲ್ಲ. ಹಂಡೆಯನ್ನು ಮೋಡಿಗೆ ಹಾಕುವುದಿಲ್ಲ. ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣು ಹಚ್ಚಿ, ಅಂಗಳದಲ್ಲಿ ಇಟ್ಟು ತುಂಬಬೇಕೆಂದು ಸೊಸೆಯೇ ಸೂಚಿಸಿದ್ದಾಳೆ. ತುಂಬುವ ಕೆಲಸ ಈ ಸಲ ಮಗನದು ಮತ್ತು ನಮ್ಮದು.

ಒಂದು ವಿಷಯ ಮಾತ್ರ ಇತ್ಯರ್ಥವಾಗದೆ ಉಳಿದಿದೆ. ರಜೆಗೆ ಬರುವ ಮೊಮ್ಮಕ್ಕಳು ಡ್ರಮ್ ಬರಿದಾದ ಮೇಲೆ "ಅಜ್ಜೀ, ಇನ್ನೊಂದು" ಎಂದು ಕೂಗಿದರೆ ನಲ್ಲಿ ತಿರುಗಿಸಬೇಕೋ ಬೇಡವೋ? ನಾವು ಬೇಡವೆನ್ನುವ ಪಕ್ಷ. ನಲ್ಲಿಯ ಹತ್ತಿರ ಕುಳಿತಿರುವವರು ಅಜ್ಜಿ.