ಅಮ್ಮ ಹೇಗೂ ಫ್ರೀ ಇದ್ದಾರೆ

ಇಂಗ್ಲಿಷಿನ ‘ಫ್ರೀ’ ಎಂಬ ವಿಶೇಷಣ ನಮ್ಮ ಪುಣೆಯ ಕನ್ನಡ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಓಡಾಡುತ್ತದೆಂದು ಲೆಕ್ಕವಿಟ್ಟವರಿಲ್ಲ. ತುಳಶಿಬಾಗಿನಲ್ಲಿ ಎರಡು ಕೊಂಡರೆ ಒಂದು ಫ್ರೀ. ಭಾನುವಾರ ನೀವು ಫ್ರೀ ಇದ್ದರೆ ಬರುತ್ತೇವೆ. ನಮ್ಮ ಹುಡುಗಿ ಎಲ್ಲರೊಡನೆ ಫ್ರೀಯಾಗಿ ಮಾತಾಡುತ್ತಾಳೆ. ದೇಶ 1947ರಲ್ಲಿ ಫ್ರೀ ಆಯಿತು. ಕನ್ನಡದಲ್ಲಾದರೆ ಪುಕ್ಕಟೆ, ಬಿಡುವು, ಸಲಿಗೆ, ಸ್ವತಂತ್ರ ಎಂದು ಬೇರೆ ಬೇರೆ ಮಾತುಗಳುಂಟು. ಮರಾಠಿಯೂ ಬಿಡುವಿನ ವೇಳೆಗೆ, ಬಿಚ್ಚುಮನಸ್ಸಿಗೆ ‘ಮೋಕಳಾ’ ಎಂದರೂ ದುಡ್ಡು ಕೊಡದೆ ಸಿಕ್ಕಿದ್ದನ್ನು ‘ಫುಕಟ್’ ಎಂದು ದೂರವೇ ಇಟ್ಟಿದೆ.

ಒಂದು ಮಾತಿಗೆ ಹಲವು ಅರ್ಥವಿರುವುದು ದೋಷವೇನಲ್ಲ. ಅದು ಒಂದು ಅರ್ಥ ಹೇಳಿಕೊಂಡು ಮನೆಯೊಳಗೆ ಬಂದು, ಇನ್ನೊಂದು ಅರ್ಥದಲ್ಲಿ ಠಿಕಾಣಿ ಹೂಡಿದಾಗ ತೊಡಕು.

ಗಂಡ ಹೆಂಡತಿ ಇಬ್ಬರೂ ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಹೋಗುವ ಮನೆ ಎನ್ನಿ. ಕೂಸು ಹುಟ್ಟಿದೆ. ‘ಊರಲ್ಲಿ ಅಮ್ಮ ಹೇಗೂ ಫ್ರೀ ಇದ್ದಾರೆ, ಕರೆಸೋಣ’ ಎಂಬ ಮಾತು ಬರುತ್ತದೆ. ಇಲ್ಲಿ ಫ್ರೀ ಎಂದರೆ ಬಿಡುವು. ಅಮ್ಮ ಬಂದ ಮೇಲೆ ಪಾಳಣಾಘರದ ಖರ್ಚು ಉಳಿಯಿತು. ಫ್ರೀ ಎಂದರೆ ಪುಕ್ಕಟೆ ಆಯಿತು. ಆರು ತಿಂಗಳಿಗೆಂದು ಬಂದವರಿಗೆ ಎರಡು ವರ್ಷವಾಯಿತು. ಊರಲ್ಲಿ ಅವರಿಗೆ ಶನಿವಾರದ ಭಜನೆಯಿತ್ತು, ಕಟ್ಟೆಯ ಮೇಲೆ ಕೂತು ಹರಟುವ ಗೆಳತಿಯರಿದ್ದರು. ಇಲ್ಲಿ ಮರಾಠಿ ಬಾರದು, ಲಿಫ್ಟಿನಲ್ಲಿ ಒಬ್ಬರೇ ಇಳಿಯಲು ಅಂಜಿಕೆ. ಅವರು ಒಲ್ಲೆನೆನ್ನಲು ಫ್ರೀ ಇದ್ದಾರೆಯೇ? ಈ ಮೂರನೆಯ ಅರ್ಥವನ್ನು ಯಾರೂ ವಿಚಾರಿಸಿಲ್ಲ.

ಮೊಮ್ಮಗುವನ್ನು ಎತ್ತಿಕೊಳ್ಳುವುದು ಅಜ್ಜಿಗೆ ಸಂತೋಷವಲ್ಲವೇ ಎನ್ನುವಿರಿ. ನಿಜವೇ. ಕೈಗೆ ದುಡ್ಡು ಕೊಡಹೋದರೆ ಮುನಿದಾರು ಕೂಡ. ಆದರೆ ಸಂತೋಷದಿಂದ ಮಾಡಿದ್ದೂ ಬೇರೆ ದಾರಿಯಿಲ್ಲದೆ ಮಾಡಿದ್ದೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಬೇಡವೆನ್ನುವ ಅವಕಾಶವಿದ್ದಲ್ಲಿ ಮಾತ್ರ ಅವೆರಡರ ನಡುವಿನ ಅಂತರ ತಿಳಿದೀತು.

ಪುಕ್ಕಟೆಗೆ ನಮ್ಮಲ್ಲಿ ‘ಬಿಟ್ಟಿ’ ಎಂಬ ಇನ್ನೊಂದು ಮಾತಿದೆಯಲ್ಲ, ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ವಿಷ್ಟಿಯೆಂದರೆ ಆಳುವವರು ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ಮರಾಠಿಯ ‘ವೇಠ್’ ಕೂಡ ಅದರಿಂದಲೇ ಬಂದದ್ದು; ಮುಷ್ಕರದ ದಿನ ಜನರನ್ನು ‘ವೇಠೀಸ್’ ಹಿಡಿದರೆಂದು ಇಲ್ಲಿನ ಪತ್ರಿಕೆಗಳು ಬರೆಯುವುದನ್ನು ನೀವು ಓದಿಯೇ ಇರುತ್ತೀರಿ. ಸಂವಿಧಾನದ 23ನೆಯ ವಿಧಿ ಬಿಟ್ಟಿಬೇಗಾರಿಯನ್ನು ನಿಷೇಧಿಸಿತು, 1976ರಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆಯೂ ಬಂತು. ಮಾತು ಮಾತ್ರ ಉಳಿಯಿತು, ಅದೂ ಪಡೆದುಕೊಂಡವನ ಅರ್ಥದಲ್ಲಿ. ದುಡಿದವನ ಬೆವರು ಆ ಅರ್ಥದಿಂದ ಆರಿಹೋಗಿದೆ.

‘ಫ್ರೀ’ ಹುಟ್ಟಿದ ಬಗೆ ಇದಕ್ಕೆ ತಿರುವುಮುರುವು. ಅದಕ್ಕೂ ಸಂಸ್ಕೃತದ ‘ಪ್ರಿಯ’ಕ್ಕೂ ಮೂಲ ಒಂದೇ. ಮನೆಯಲ್ಲಿ ಪ್ರಿಯರಾದವರು, ಅಂದರೆ ನಂಟರು, ಫ್ರೀ; ಆಳುಗಳು ಹಾಗಲ್ಲ ಎಂದು ಭಾಷಾಶಾಸ್ತ್ರಜ್ಞರು ಈ ಅರ್ಥವನ್ನು ಬಿಡಿಸುತ್ತಾರೆ. ನಮ್ಮವರಾದ್ದರಿಂದಲೇ ಅವರನ್ನು ಬಲವಂತ ಮಾಡುವಂತಿರಲಿಲ್ಲ. ನಾವಾದರೋ ನಮ್ಮವರೆಂಬ ಕಾರಣಕ್ಕೇ ಕೇಳುವುದನ್ನು ಬಿಟ್ಟಿದ್ದೇವೆ. ಅದೇ ಮನೆಯಲ್ಲಿ ಪಾತ್ರೆ ತೊಳೆಯುವ ಬಾಯಿಯವರಿಗೆ ತಿಂಗಳಿಗೆ ಇಷ್ಟು ರಜೆಯೆಂದು ಗೊತ್ತುಮಾಡಿರುತ್ತದೆ.

ದೀಪಾವಳಿಗೆ ಊರಿನ ಟಿಕೆಟು ತೆಗೆಯುವಾಗ, ‘ಅಮ್ಮಾ, ನಿನಗೆ ವಾಪಸು ಟಿಕೆಟು ಯಾವಾಗಿನದು ತೆಗೀಲಿ, ಇಲ್ಲಾ ಈಗಲೇ ಬೇಡವಾ?’ ಎಂದು ಕೇಳುವ ಮಗ ನಮ್ಮ ಎಷ್ಟು ಮನೆಗಳಲ್ಲಿದ್ದಾನೋ.