ಹುರಿಹಿಟ್ಟು ಹುರಿಯೋರು ಯಾರು?

ಹುರಿಹಿಟ್ಟಿನ ಗುಣವನ್ನ ಈಗ ಎಲ್ಲರೂ ಹೊಗಳ್ತಾರೆ. 2023ನೇ ಇಸವಿಯನ್ನ ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಸಾರಿದ ಮೇಲಂತೂ ರಾಗಿ ಮಾತಿಲ್ಲದ ಸಭೆಯೇ ಇಲ್ಲ. ನನಗೂ ಕರೆ ಬರ್ತದೆ, ಹೋಗಿ ರಾಗಿಕಲ್ಲಿನ ಪದ ಹಾಡಿ ಬರ್ತೀನಿ. ‘ಹಿಂದಿನವರ ಊಟವೇ ಊಟ, ಬೆಳಗಿನ ತಿಂಡಿ ಮನೇಲೇ ಮಾಡ್ಕೊಳ್ಳಿ’ ಅಂತ ಅಲ್ಲಿ ಭಾಷಣ ಮಾಡೋರು ಬಹಳಮಟ್ಟಿಗೆ ಗಂಡಸರು. ಮನೇಲಿ ಮಾಡೋರು ಯಾರು ಅನ್ನೋದನ್ನ ಮಾತ್ರ ಹೇಳೋದಿಲ್ಲ. ನಾನು ಏಳನೇ ಕ್ಲಾಸು ಓದಿದವನು. ನನ್ನ ತಿಳಿವಳಿಕೆಗೆ, ಈ ಪ್ರಶ್ನೆ ಕೇಳದೆ ರಾಗಿ ಹೊಗಳೋದು ನ್ಯಾಯವಲ್ಲ.

ಕೆಲಸ ಎಷ್ಟಿದೆ ನೋಡಿ. ರಾಗೀನ ಮೊರದಲ್ಲಿ ಕೇರಿ, ಕಲ್ಲು ಮಣ್ಣು ತೆಗೆದು ತೊಳೀಬೇಕು. ಕೆಲವರು ಮಜ್ಜಿಗೆ ನೀರು ಚಿಮುಕಿಸ್ತಾರೆ. ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಟ್ಟರೆ ತೇವ ಕಾಳಿನೊಳಕ್ಕೆ ಇಳೀತದೆ. ಬೆಳಗ್ಗೆ ನೆರಳಲ್ಲಿ ಹರಡಿ, ಕೈಗೆ ಅಂಟದಷ್ಟು ಆರಿಸಬೇಕು. ಪೂರಾ ಒಣಗಿದ್ರೆ ಅರಳೋದಿಲ್ಲ, ಸೀದುಹೋಗ್ತದೆ. ಒಳಗಿನ ತೇವ ಬಿಸಿಗೆ ಆವಿಯಾಗಿ ಸಿಪ್ಪೆ ಸೀಳಿದಾಗಲೇ ಕಾಳು ಮಲ್ಲಿಗೆ ಮೊಗ್ಗು ಬಿರಿದಂಗೆ ಬೆಳ್ಳಗೆ ಅರಳೋದು. ಬಾಣಲೆಯಲ್ಲಿ ಮರಳು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ರಾಗಿ ಹಾಕಿ, ಬಟ್ಟೆ ಸುತ್ತಿದ ಕೋಲಲ್ಲಿ ಆಡಿಸಿ, ಸೀಯೋದಕ್ಕೆ ಮುಂಚೆ ಜರಡಿಗೆ ಸುರಿದು ಮರಳು ಬೇರೆ ಮಾಡಬೇಕು. ಎರಡು ಸೇರು ರಾಗಿಗೆ ಎಷ್ಟು ಹಿಡಿ ಆಯ್ತು ಎಣಿಸಿಕೊಳ್ಳಿ. ಮುಖಕ್ಕೆ ಝಳ, ಕಣ್ಣಿಗೆ ಹೊಗೆ. ಆಮೇಲೆ ಬೀಸೋದು, ಒಂದರಿ ಆಡೋದು.

ಇಷ್ಟಾದ ಮೇಲೆ ತಿನ್ನೋನಿಗೆ ಒಲೆಯೇ ಬೇಡ. ಹಾಲು ಬೆಲ್ಲ ಹಾಕಿ ಕಲೆಸ್ಕೊಂಡ್ರೂ ಸೈ, ಮಜ್ಜಿಗೆ ಉಪ್ಪು ಹಾಕಿ ಕುಡಿದ್ರೂ ಸೈ. ಹುರಿಗಡಲೆ, ಏಲಕ್ಕಿ ಸೇರಿಸಿದ್ರೆ ಮಕ್ಕಳು ಬಟ್ಟಲು ನೆಕ್ಕುತ್ತಾವೆ. ರಾಗಿ ಕಾಳು ಸಣ್ಣದು, ಅಕ್ಕಿ ಥರ ಪಾಲಿಶ್ ಮಾಡೋದು ಸುಲಭವಲ್ಲ, ಹಾಗಾಗಿ ಸಿಪ್ಪೆಯ ಸತ್ವ ಹಿಟ್ಟಲ್ಲೇ ಉಳೀತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೇಲೆ ಸುಣ್ಣದಂಶ, ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಗುಣದ ಬಗ್ಗೆ ನನ್ನ ತಕರಾರಿಲ್ಲ.

ಮಿಲ್ಲು ಬಂದು ಬೀಸೋ ಪದ ಸತ್ತೋಯ್ತು ಅಂತ ಮರುಗೋರು ಬಹಳ. ಒಂದು ಸಲ ನಾನು ಹಾಡಿ ಕೆಳಗಿಳಿದಾಗ ಒಬ್ಬ ಅಜ್ಜಿ ಹೇಳಿದ್ಲು: ‘ಚೆನ್ನಾಗಿ ಹಾಡ್ತೀಯ ಕಣಪ್ಪ. ನಾವು ತೋಳು ನೋವು ಮರೆಯಕೆ ಹಾಡ್ತಿದ್ದೊ. ನಿಂಗೆ ಶಾಲು ಹಾಕವ್ರೆ.’ ಆ ಪದಗಳನ್ನ ಕಟ್ಟಿದ್ದು ಕೋಳಿ ಕೂಗೋ ಮುಂಚೆ ಎದ್ದ ಹೆಣ್ಣುಮಕ್ಕಳು. ಪದ ಉಳೀಲಿ ಅಂತ ನೋವನ್ನೂ ಉಳಿಸೋಕಾಗ್ತದಾ? ಪದ ಹಾಡೋನಾಗೇ ಹೇಳ್ತೀನಿ, ಮಿಲ್ಲು ಬಂದದ್ದು ಒಳ್ಳೇದೇ ಆಯ್ತು.

ಗಂಡಸರಿಗೂ ಕಷ್ಟ ಇದೆಯಲ್ಲ ಅಂತೀರಿ. ಉಂಟು. ನಮ್ಮ ತಾಳವಾಡಿ ಸೀಮೆ ಕಾಡಂಚಿನದು. ರಾಗಿ ತೆನೆ ಕಟ್ಟಿದ್ರೆ ಆನೆ ಬರ್ತದೆ, ಅಟ್ಟಣೆ ಮೇಲೆ ರಾತ್ರಿಯೆಲ್ಲ ಕೂರಬೇಕು. ಅದಕ್ಕೇ ಹೆದರಿ ಎಷ್ಟೋ ಜನ ರಾಗಿ ಬಿತ್ತೋದನ್ನೇ ಬಿಟ್ಟರು. ಆದ್ರೆ ಕಾವಲು ಬೆಳೆ ಇರೋತನಕ, ಒಲೆ ಹನ್ನೆರಡು ತಿಂಗಳು.

ಪೊಟ್ಟಣ ಕೊಳ್ಳೋ ತಾಯಿಯನ್ನ ಸೋಮಾರಿ ಅನ್ನೋದು ಇನ್ನೂ ದೊಡ್ಡ ಅನ್ಯಾಯ. ಏಳು ಗಂಟೆಗೆ ಕೂಲಿ ಗಾಡಿ ಬಂದು ನಿಲ್ತದೆ. ಅಷ್ಟರಲ್ಲಿ ನೀರು ತರಬೇಕು, ದನ ಕಟ್ಟಬೇಕು. ಮಗು ಟೀಗೆ ಬಿಸ್ಕತ್ತು ಅದ್ದಿಕೊಂಡು ಹೊರಡ್ತದೆ. ಅವಳಿಗೆ ಬುದ್ಧಿ ಹೇಳೋ ಬದಲು ಮೇಷ್ಟ್ರುಗಳು ಒಂದು ಉಪಕಾರ ಮಾಡಬಹುದು. ‘ರಾಗಿ’ ಅಂತ ದಪ್ಪಕ್ಷರದಲ್ಲಿ ಬರೆದ ಪೊಟ್ಟಣದ ಹಿಂದಿರೋ ಸಣ್ಣಕ್ಷರದ ಪಟ್ಟಿಯನ್ನ ಮಕ್ಕಳ ಕೈಲಿ ಓದಿಸಿ. ತೂಕದಲ್ಲಿ ಯಾವುದು ಹೆಚ್ಚೋ ಅದೇ ಮೊದಲು ಬರೀಬೇಕು ಅಂತ ಕಾನೂನಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ರಾಗಿ ಎಲ್ಲೋ ಕೊನೇಲಿ ಇದ್ರೆ ಅದು ಯಾವ ರಾಗಿ ಬಿಸ್ಕತ್ತು?

2022ರಲ್ಲಿ ನಮ್ಮ ತಮಿಳುನಾಡು ಸರ್ಕಾರ ಶಾಲೇಲೇ ಬೆಳಗಿನ ತಿಂಡಿ ಕೊಡೋಕೆ ಶುರು ಮಾಡ್ತು. ಕೆಲವರು ‘ತಾಯಂದಿರ ಕೆಲಸ ಸರ್ಕಾರ ಯಾಕೆ ಮಾಡಬೇಕು’ ಅಂದ್ರು. ಮಗುವಿನ ಹಸಿವು ತಾಯೊಬ್ಬಳ ಲೆಕ್ಕಕ್ಕೇ ಬರೆದಿಟ್ಟದ್ದು ಯಾವಾಗ? ಅಪ್ಪನಿಗೂ ಅದೇ ಮಗು ತಾನೇ.

ಹುರಿಯೋ ಕೆಲಸಕ್ಕೆ ಹೆಣ್ಣು ಕೈಯೇ ಆಗಬೇಕು ಅಂತ ರಾಗಿ ಹೇಳೋದಿಲ್ಲ. ಮರಳಿನ ಬಾಣಲೆ ಇಳಿಸೋಕೆ ತೋಳಲ್ಲಿ ಬಲ ಬೇಕು, ಅದು ನಮಗಿದೆ ಅಂತ ಮೀಸೆ ತಿರುವ್ತೀವಲ್ಲ. ನಮ್ಮ ಮನೇಲಿ ಈಗ ತಿಂಗಳಿಗೊಂದು ಭಾನುವಾರ ಮಗ ಹುರೀತಾನೆ, ಮೊಮ್ಮಗ ಜರಡಿ ಹಿಡೀತಾನೆ, ಮಿಲ್ಲಿಗೆ ಹೊರೋದು ನಾನು. ಸೊಸೆ ಜಗಲಿ ಮೇಲೆ ಕೂತು ‘ಮಾವ, ಸೀದ ವಾಸನೆ ಬತ್ತಾದೆ’ ಅಂತ ಕೂಗ್ತಾಳೆ. ಮೊದಲ ಎರಡು ಹಿಡಿ ಸೀಯೋದು ಖಂಡಿತ. ಅದನ್ನ ಕೋಳಿಗೆ ಹಾಕ್ತೀವಿ.