ಒಂದು ಕೆ.ಜಿ. ಕೇಕಿನ ಲೆಕ್ಕ

ಅನ್ನವನ್ನೂ ವಿದ್ಯೆಯನ್ನೂ ಮಾರಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮಜ್ಜಿಯಂತೂ ಹೋಟೆಲಿನ ಊಟವೆಂದರೆ ಮುಖ ಸಿಂಡರಿಸುತ್ತಿದ್ದರು. ರುಚಿಯ ಮಾತಲ್ಲ, ಬಡಿಸುವವನ ಕಣ್ಣು ಎಲೆಯ ಮೇಲಿರದೆ ಗಲ್ಲಾಪೆಟ್ಟಿಗೆಯ ಮೇಲಿರುತ್ತದೆ ಎಂಬುದು ಅವರ ಆಕ್ಷೇಪಣೆ. ಈ ಎರಡು ನಿಷೇಧಗಳಲ್ಲಿ ಒಂದನ್ನು ನಾನು 28 ವರ್ಷಗಳಿಂದ ತಿಂಗಳು ತಿಂಗಳೂ ಮುರಿಯುತ್ತ ಬಂದಿದ್ದೇನೆ. ಶಾಲೆಯ ಮೇಡಂಗೆ ಬರುವ ಸಂಬಳ ವಿದ್ಯೆ ಮಾರಿದ ಹಣವಲ್ಲದೆ ಇನ್ನೇನು? ಆದರೂ ಸಂಬಳ ತೆಗೆದುಕೊಂಡಳೆಂದು ಯಾರೂ ನನ್ನನ್ನು ಆಡಿಕೊಂಡಿಲ್ಲ. ಆಡಿಕೊಂಡದ್ದು ನನ್ನ ತಂಗಿಯನ್ನು. ಒಂದು ಕೆ.ಜಿ. ಕೇಕಿಗೆ 700 ರೂಪಾಯಿ ಎಂದು ಅವಳು ಬಾಯಿಬಿಟ್ಟು ಹೇಳಿದ ಮೇಲೆ.

ತಂಗಿಯ ಮನೆ ಇರುವುದು ಕಾಡುಗೋಡಿಯಲ್ಲಿ, ವೈಟ್‌ಫೀಲ್ಡ್ ರೈಲು ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ. ಹೊಸಬರಿಗೆ ವೈಟ್‌ಫೀಲ್ಡ್ ಎಂದರೆ ಗಾಜಿನ ಕಟ್ಟಡಗಳು ಮತ್ತು ಮುಂದೆ ಸರಿಯದ ವಾಹನಗಳ ಸಾಲು. ಆದರೆ ಈ ಊರಿಗೂ ಕೇಕಿಗೂ ಹಳೆಯ ನಂಟಿದೆ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಲೆಂದು ಕಟ್ಟಿದ ಊರು ಇದು. ಅದಕ್ಕಾಗಿ ಓಡಾಡಿದ ಡಿ. ಎಸ್. ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ಆ ಸಮುದಾಯದ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಎಷ್ಟೋ ದಿನ ಮೊದಲೇ ದ್ರಾಕ್ಷಿ, ಚೆರ್ರಿಗಳನ್ನು ರಮ್ಮಿನಲ್ಲಿ ನೆನೆಹಾಕಿಡುವ ಪದ್ಧತಿ. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಕುಲ್‌ಕುಲ್ ಸುತ್ತುತ್ತಾರೆ. ಹಬ್ಬದ ದಿನ ತಟ್ಟೆಗಳು ಬೀದಿ ದಾಟುತ್ತವೆ. ನಾವು ಸಂಕ್ರಾಂತಿಗೆ ಎಳ್ಳು ಬೀರುವ ಹಾಗೆಯೇ ಅನ್ನಿ. ನಾವು ಈ ಕಡೆ ಬಂದ ಹೊಸದರಲ್ಲಿ ಅಂಥದೊಂದು ಮನೆಯಿಂದ ಬಂದ ಪ್ಲಮ್ ಕೇಕಿನ ಒಂದು ತುಂಡೇ ತಂಗಿಗೆ ಈ ಹುಚ್ಚು ಹಿಡಿಸಿದ್ದು.

ಮೊದಲು ಅವಳ ಹತ್ತಿರ ಇದ್ದದ್ದು ಗಾಜಿನ ಮುಚ್ಚಳದ ಗುಂಡನೆಯ ಅಲ್ಯೂಮಿನಿಯಂ ಓವನ್. ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತಿತ್ತು. ಪತ್ರಿಕೆಗಳಿಂದ ಕತ್ತರಿಸಿಟ್ಟ ಪಾಕವಿಧಾನಗಳು, ಆಮೇಲೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರದಲ್ಲಿ ಒಂದು ಚಿಕ್ಕ ಕೋರ್ಸು. ಮೊಟ್ಟೆ ತಿನ್ನದ ಅತ್ತೆಗೋಸ್ಕರ ಮೊಸರು, ಸೋಡಾ ಹಾಕಿ ಮೆತ್ತಗೆ ಉಬ್ಬಿಸುವುದನ್ನು ತಾನೇ ಪ್ರಯೋಗ ಮಾಡಿ ಕಲಿತಳು. ಹದಿನೈದು ವರ್ಷ ಅವಳ ಕೇಕು ಸ್ಟೀಲ್ ಡಬ್ಬಿಯಲ್ಲಿ ಮನೆಮನೆಗೆ ಹೋಯಿತು. ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ನಮ್ಮ ಶಾಸ್ತ್ರ ನಿಮಗೆ ಗೊತ್ತೇ ಇದೆಯಲ್ಲ. ಕೇಕು ಹೋದ ಡಬ್ಬಿಯಲ್ಲಿ ಕೋಡುಬಳೆ ಬರುತ್ತಿತ್ತು, ಹುಣಿಸೆ ತೊಕ್ಕು ಬರುತ್ತಿತ್ತು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ.

2020ರ ಮಾರ್ಚ್ 25ರಿಂದ ಊರೆಲ್ಲ ಬಾಗಿಲು ಹಾಕಿತಲ್ಲ, ಆಗ ಅವಳ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಕೆಲವು ತಿಂಗಳು ಅರ್ಧ ಸಂಬಳ ಕೊಟ್ಟಿತು. ಮಗಳ ಶಾಲೆಯ ಫೀಸು, ಮನೆಸಾಲದ ಕಂತು ಮಾತ್ರ ಅರ್ಧವಾಗಲಿಲ್ಲ. ಇತ್ತ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳ ಹುಟ್ಟುಹಬ್ಬಗಳೂ ನಿಲ್ಲಲಿಲ್ಲ. ಯಾರೋ ಪರಿಚಯದವರು ಕೇಳಿದರು, ಅವರ ಪರಿಚಯದವರು ಕೇಳಿದರು. ಹೀಗೆ ಕೇಕು ಡಬ್ಬಿ ಬಿಟ್ಟು ರಟ್ಟಿನ ಪೆಟ್ಟಿಗೆಗೆ ಏರಿತು. ರಟ್ಟಿನ ಪೆಟ್ಟಿಗೆ ಹಿಂತಿರುಗಿ ಬರುವುದಿಲ್ಲ.

ಎಷ್ಟು ಬೆಲೆ ಹೇಳಬೇಕೆಂದು ತಿಳಿಯದೆ ಅವಳು ನನ್ನನ್ನು ಕೂರಿಸಿಕೊಂಡಳು. ಗಣಿತದ ಮೇಡಂ ಅಲ್ಲದಿದ್ದರೂ ಅಕ್ಕ ಎಂದ ಮೇಲೆ ಲೆಕ್ಕ ಬರಬೇಕಲ್ಲ! ಮೈದಾ, ಸಕ್ಕರೆ 40. ಬೆಣ್ಣೆ 110. ಮೊಟ್ಟೆ 30. ಚಾಕಲೇಟು, ಕ್ರೀಮು 130. ಕರೆಂಟು ಅಂದಾಜು 30. ಪೆಟ್ಟಿಗೆ ಮತ್ತು ಕೆಳಗಿಡುವ ಹಲಗೆ 45. ಒಟ್ಟು 385 ಆಯಿತು. ‘ಹಾಗಾದರೆ 400 ಅನ್ನಲಾ ಅಕ್ಕ?’ ಎಂದಳು.

‘ನಿನ್ನ ಕೆಲಸಕ್ಕೆ ಎಷ್ಟು ಹಾಕಿದೆ?’

‘ಅದಕ್ಕೇನು ಹಾಕೋದು? ನಾನು ಹೇಗೂ ಮನೇಲೇ ಇರ್ತೀನಲ್ಲ.’

ಈ ಮಾತನ್ನು ನಾನು ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಬ್ಲೌಸು ಹೊಲಿಯುವವರು, ಮೆಹೆಂದಿ ಹಾಕುವವರು, ಮಕ್ಕಳಿಗೆ ಮನೆಪಾಠ ಹೇಳುವವರು ಎಲ್ಲರೂ ಇದೇ ರಾಗ. ‘ಹೇಗೂ ಮನೇಲೇ ಇರ್ತೀನಲ್ಲ.’ ಅವಳ ಗಂಡನೂ ಕಾರ್ಖಾನೆಗೆ ಹೋಗದಿದ್ದರೆ ಎಲ್ಲಾದರೂ ಇರುತ್ತಿದ್ದನಲ್ಲ? ‘ಹೇಗೂ ಎಲ್ಲೋ ಒಂದು ಕಡೆ ಇರ್ತೀನಿ, ಕೂಲಿ ಯಾಕೆ’ ಎಂದು ಯಾವ ಗಂಡಸಾದರೂ ಹೇಳಿದ್ದುಂಟೆ? ಒಂದು ಕೇಕಿಗೆ ಅವಳ ನಾಲ್ಕು ಗಂಟೆ ಬೇಕು. ಗಂಟೆಗೆ 75ರಂತೆ 300 ಹಾಕಿಸಿದೆ. ಓವನ್ ಸವೆತಕ್ಕೆಂದು 15. ಹೀಗೆ 700 ಆಯಿತು. ಅದನ್ನು ಬರೆಯುವಾಗ ಅವಳು ಕಿಟಕಿಯ ಕಡೆ ನೋಡಿದಳು, ಯಾರಾದರೂ ಕಂಡುಬಿಟ್ಟಾರೆಂಬ ಹಾಗೆ.

ಈ ಸಂಕೋಚವನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಪ್ರೀತಿಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟಬಾರದಂತೆ. ಒಪ್ಪೋಣ. ಹಾಗಾದರೆ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯ ತಿರುಮಲಾಚಾರ್ಯರು ಬೇಕರಿ ತೆರೆದಾಗಿನಿಂದ ಬೆಂಗಳೂರಿನ ಮೂಲೆಮೂಲೆಯಲ್ಲಿ ಅಯ್ಯಂಗಾರ್ ಬೇಕರಿಗಳು ಎದ್ದವಲ್ಲ, ಆ ಗಂಡಸರು ಬೆಣ್ಣೆ ಬಿಸ್ಕತ್ತನ್ನೂ ಖಾರದ ಬನ್ನನ್ನೂ ಪ್ರೀತಿಯಿಲ್ಲದೆ ಮಾಡಿದರೇನು? ಅದನ್ನು ಕಸುಬು ಎಂದೆವು. ಹೆಂಗಸು ಅದೇ ಒಲೆ ಮುಂದೆ ಕೂತರೆ ಅದು ಮಮತೆ. ಕಸುಬಿಗೆ ಕೂಲಿ ಉಂಟು. ಮಮತೆಗೆ ಹೊಗಳಿಕೆ ಮಾತ್ರ.

ಮಾರಿದ ಹೆಂಗಸರು ಹಿಂದೆಯೂ ಇದ್ದರು. ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿಗೆ ಹೋಗದವರು ಯಾರು? ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಸುಬ್ಬಮ್ಮನವರು ಹಪ್ಪಳ ಮಾಡಿ ಮನೆಮನೆಗೆ ಹೊತ್ತು ಮಾರಿ, 1948ರಲ್ಲಿ ಆ ಅಂಗಡಿಗೆ ನಾಂದಿ ಹಾಡಿದರು. ಆದರೆ ಅಂದಿನ ಕಾಲ ಅಂಥ ಹೆಂಗಸರಿಗೆ ಮಾರುವ ಅಪ್ಪಣೆ ಕೊಟ್ಟದ್ದು ಅಯ್ಯೋ ಪಾಪ ಎನ್ನುವ ಕರುಣೆಯ ಮೇಲೆ. ಗತಿಯಿಲ್ಲದವಳು ಮಾರಬಹುದು, ಗಂಡ ದುಡಿಯುವವಳು ಮಾರಿದರೆ ಅದು ಆಸೆ. ಮುಂಬಯಿಯ ಗಿರ್ಗಾಂವಿನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ಮಾಡಿ ಮಹಡಿಯ ಮೇಲೆ ಲಿಜ್ಜತ್ ಹಪ್ಪಳ ಲಟ್ಟಿಸಲು ಕೂತದ್ದು ಇದಕ್ಕೇ ದೊಡ್ಡದು ಎನ್ನಿಸುತ್ತದೆ ನನಗೆ. ಅವರು ದಾನ ಬೇಡ ಎಂದರು. ಇಂದಿಗೂ ಅಲ್ಲಿ ಲಟ್ಟಿಸಿದ ಹಪ್ಪಳವನ್ನು ತೂಗಿ ಆ ತೂಕಕ್ಕೆ ಕೂಲಿ ಕೊಡುತ್ತಾರೆ. ಕೈಗೆ ಬೆಲೆ ಮೊದಲು, ಹೊಗಳಿಕೆ ಬೇಕಾದರೆ ಆಮೇಲೆ.

ಇಷ್ಟು ಹೇಳಿ ತಂಗಿಯ ಪರ ವಾದ ಗೆದ್ದೆನೆಂದು ನಾನು ಸುಮ್ಮನಾಗುವಂತಿರಲಿಲ್ಲ. ಮೇಲಿನ ಮನೆಯಾಕೆ ಎರಡು ಮಾತು ಆಡಿದ್ದರು. ಮೊದಲನೆಯದು, ‘ಬೇಕರೀಲೇ 500ಕ್ಕೆ ಸಿಗುತ್ತೆ ಕಣ್ರೀ, ಮನೇಲಿ ಮಾಡಿದ್ದಕ್ಕೆ 700ಏ?’ ಇದಕ್ಕೆ ಉತ್ತರ ಸುಲಭ. ಬೇಕರಿಯಿಂದ ತರಿಸಿಕೊಳ್ಳಬಹುದು, ಬೇಸರವಿಲ್ಲ. ಎರಡನೆಯದು, ‘ನಮ್ಮ ಹತ್ರಾನೂ ದುಡ್ಡು ತಗೋತೀರಾ?’ ಇದಕ್ಕೆ ಸುಲಭದ ಉತ್ತರವಿಲ್ಲ. ಹದಿನೈದು ವರ್ಷ ಡಬ್ಬಿ ಹೋಗಿ ಬಂದ ಮನೆ ಅದು. ಆ ಪ್ರಶ್ನೆಯಲ್ಲಿ ಜಿಪುಣತನಕ್ಕಿಂತ ನೋವು ಹೆಚ್ಚಿತ್ತು. ತಾನು ಇಷ್ಟು ದಿನ ಪಕ್ಕದ ಮನೆಯವಳು, ಇವತ್ತಿನಿಂದ ಗಿರಾಕಿಯೇ ಎಂದು ಆಕೆ ಕೇಳುತ್ತಿದ್ದರು.

ಇಲ್ಲಿ ನನಗೆ ನನ್ನ ಶಾಲೆಯ ಗಂಟೆ ನೆನಪಾಗುತ್ತದೆ. ನಾಲ್ಕು ಗಂಟೆಯವರೆಗೆ ನಾನು ಕಲಿಸುವುದು ಸಂಬಳಕ್ಕೆ. ಗಂಟೆ ಹೊಡೆದ ಮೇಲೆ ಕನ್ನಡ ಓದಲು ತಡವರಿಸುವ ನಾಲ್ಕು ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡರೆ ಅದು ನನ್ನ ಇಷ್ಟ. ಅವರು ಕಲ್ಲು ಹೊರುವವರ, ಕಟ್ಟಡ ಕಾಯುವವರ ಮಕ್ಕಳು. ಆ ಅರ್ಧ ಗಂಟೆಗೆ ಅರ್ಥ ಬರುವುದು ನಾಲ್ಕು ಗಂಟೆಯವರೆಗಿನ ಹೊತ್ತಿಗೆ ಬೆಲೆ ಇರುವುದರಿಂದಲೇ. ಸಂಬಳವೇ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ದುಡಿಸಿಕೊಂಡಿದ್ದರೆ ಆ ಅರ್ಧ ಗಂಟೆಯೂ ಬಿಟ್ಟಿ ಚಾಕರಿಯ ಬಾಲವಾಗುತ್ತಿತ್ತು ಅಷ್ಟೆ. ತಂಗಿ ಹದಿನೈದು ವರ್ಷ ಕೊಟ್ಟಳು ಎನ್ನುತ್ತೇವಲ್ಲ, ಏನು ಕೊಟ್ಟಳೆಂದು ಅವಳಿಗೇ ಗೊತ್ತಿರಲಿಲ್ಲ; ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಈಗ ಅವಳು ಒಂದು ಕೇಕನ್ನು ಸುಮ್ಮನೆ ಕೊಟ್ಟರೆ ತನ್ನ ನಾಲ್ಕು ಗಂಟೆಯನ್ನು ಕೊಡುತ್ತಿದ್ದೇನೆಂದು ತಿಳಿದೇ ಕೊಡುತ್ತಾಳೆ. ಕೊಡದಿರುವುದೂ ಅವಳ ಕೈಯಲ್ಲಿದೆ. ಕೊಡದಿರಲು ಸಾಧ್ಯವೇ ಇಲ್ಲದವರು ಕೊಟ್ಟದ್ದನ್ನು ಕೊಡುಗೆ ಎನ್ನಬಹುದೇ?

ಹಾಗೆಂದು ಮಾರಾಟದಿಂದ ಏನೂ ಹೋಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಮನಸ್ಸು ಬಂದಾಗ ಮಾಡುವುದಕ್ಕೂ ಶನಿವಾರ ಐದು ಗಂಟೆಗೆ ಕೊಡಲೇಬೇಕೆಂದು ಮಾಡುವುದಕ್ಕೂ ಅಜಗಜಾಂತರ. ಜ್ವರವಿದ್ದರೂ ಐಸಿಂಗ್ ಆಗಬೇಕು. ಕರೆಂಟು ಹೋದರೆ ಎದೆ ಧಸಕ್ಕೆನ್ನಬೇಕು. ಮೊದಲೆಲ್ಲ ಹೊಸದೇನಾದರೂ ಮಾಡುವ ಉತ್ಸಾಹ. ಈಗ ವಾರಕ್ಕೆ ಆರು ಚಾಕಲೇಟ್ ಕೇಕು, ಅದೇ ಬಣ್ಣ, ಯಾರದೋ ಮಗುವಿನ ಮೆಚ್ಚಿನ ಅದೇ ಕಾರ್ಟೂನು. ಮೇಲ್ಭಾಗ ಸಮ ಮಾಡಲು ಕತ್ತರಿಸಿ ತೆಗೆದ ತುಂಡುಗಳು ಮಗಳ ಪಾಲು. ಒಂದು ದಿನ ಆ ಹುಡುಗಿ ತುಂಡು ತಿನ್ನುತ್ತ, ‘ದೊಡ್ಡಮ್ಮ, ನಮ್ಮನೇಲಿ ಕೇಕಿನ ಅಂಚು ಮಾತ್ರ ಸಿಗೋದು’ ಎಂದು ನಕ್ಕಳು. ನಕ್ಕಳೇನೋ ನಿಜ. ತಂಗಿ ನಗಲಿಲ್ಲ. ಮಗಳ ಹುಟ್ಟುಹಬ್ಬ ಬರುವ ವಾರ ಈಗ ಒಂದೂ ಆರ್ಡರ್ ಹಿಡಿಯುವುದಿಲ್ಲ. ಫೋನಿನಲ್ಲಿ ಎಷ್ಟು ಗೋಗರೆದರೂ ಇಲ್ಲ. ಆ ವಾರದ ನಷ್ಟವನ್ನೂ ಪುಸ್ತಕದಲ್ಲಿ ಬರೆದಿಡುತ್ತಾಳೆ, ನಾನು ಬೇಡವೆಂದರೂ.

ಇನ್ನೊಂದು ವಿಷಯ. ‘ಮನೆಯಲ್ಲೇ ಮಾಡಿದ್ದು’ ಎಂಬುದು ಈಗ ಒಳ್ಳೆಯ ವ್ಯಾಪಾರದ ಮಾತು. ಬೆಣ್ಣೆಯ ಬದಲು ವನಸ್ಪತಿ ಹಾಕಿದರೆ ಪ್ರತಿ ಕೇಕಿಗೂ ಎಷ್ಟೋ ಉಳಿಯುತ್ತದೆ, ತಿಂದವರಿಗೆ ತಿಳಿಯುವುದೂ ಇಲ್ಲ. ಮನೆಯಲ್ಲಿ ಮಾಡಿ ಮಾರುವವರೂ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಹೆಸರು ನೋಂದಾಯಿಸಬೇಕು. ತಂಗಿ ಮಾಡಿಸಿದ್ದಾಳೆ, ಪೆಟ್ಟಿಗೆಯ ಮೇಲೆ ಆ ನಂಬರು ಇದೆ. ಆದರೆ ನಂಬರು ನೋಡಿ ಯಾರು ಕೊಳ್ಳುತ್ತಾರೆ? ತನ್ನ ಮಗುವಿಗೆ ಹಾಕುವುದನ್ನೇ ನನ್ನ ಮಗುವಿಗೂ ಹಾಕಿದ್ದಾಳೆ ಎಂದು ನಂಬಿ ಕೊಳ್ಳುತ್ತಾರೆ. ಆ ನಂಬಿಕೆಗೆ ಬೇರೆ ಬೆಲೆ ಬರೆದಿಲ್ಲ, 700ರಲ್ಲೇ ಸೇರಿದೆ. ಬೆಣ್ಣೆಯ ದರ ಏರಿದಾಗಲೂ ಅವಳು ಬೆಣ್ಣೆ ಬಿಡಲಿಲ್ಲ. ಕೇಕಿನ ದರ ಏರಿಸಿದಳು. ಈಗ 780. ಆ ದಿನ ಕಿಟಕಿಯ ಕಡೆ ನೋಡಲಿಲ್ಲ.

ಅವಳ ಅತ್ತೆಯ ವಿಷಯ ಹೇಳದಿದ್ದರೆ ತಪ್ಪಾದೀತು. ಅನ್ನ ಮಾರುವ ಮನೆ ಇದಲ್ಲ ಎಂದು ಮೊದಲ ತಿಂಗಳು ಮುನಿಸಿಕೊಂಡಿದ್ದವರು. ಸೊಸೆಯ ದುಡ್ಡಿನಲ್ಲಿ ಮೊಮ್ಮಗಳ ಫೀಸು ಕಟ್ಟಿದ ರಸೀತಿ ಕಂಡ ಮೇಲೆ ಮುನಿಸು ಹೋಯಿತು ಎಂದು ಬರೆದರೆ ಕಥೆ ಚೆಂದವಾಗುತ್ತಿತ್ತು. ಹಾಗಾಗಲಿಲ್ಲ. ಅವರು ಈಗಲೂ ಮಾರುವ ಕೇಕನ್ನು ಮುಟ್ಟುವುದಿಲ್ಲ, ಆದರೆ ಮಧ್ಯಾಹ್ನ ಕೂತು ರಟ್ಟಿನ ಪೆಟ್ಟಿಗೆಗಳನ್ನು ಮಡಿಸಿಕೊಡುತ್ತಾರೆ. ‘ಕೂಲಿ ಎಷ್ಟು ಕೊಡ್ತೀಯೆ?’ ಎಂದು ಒಮ್ಮೆ ಕೇಳಿದರಂತೆ, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ತಂಗಿ ಪುಸ್ತಕದಲ್ಲಿ ಅವರ ಹೆಸರಿಗೂ ಒಂದು ಕಾಲಂ ಎಳೆದಿದ್ದಾಳೆ. ಪೆಟ್ಟಿಗೆಗೆ ಎರಡು ರೂಪಾಯಿ. ದೇವರ ಹುಂಡಿಗೆ ಹಾಕುತ್ತಾರೆ.

ಪಕ್ಕದ ಮನೆಯ ಅಜ್ಜಿಯಿಂದ ತಂಗಿ ದುಡ್ಡು ಮುಟ್ಟುವುದಿಲ್ಲ. ಮಗಳು ಕೂಸಾಗಿದ್ದಾಗ ಮೂರು ವರ್ಷ ಎತ್ತಿ ಆಡಿಸಿದವರು ಅವರು, ಆ ಗಂಟೆಗಳಿಗೆ ಯಾರೂ ಲೆಕ್ಕ ಬರೆದಿರಲಿಲ್ಲ. ಮೇಲಿನ ಮನೆಯವರು ಮಾತ್ರ ಈಗ ಬೇಕರಿಯಿಂದಲೇ ತರಿಸುತ್ತಾರೆ. ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ, ನಿಂತು ಮಾತಾಡುವುದಿಲ್ಲ. ಕಳೆದ ದೀಪಾವಳಿಗೆ ತಂಗಿ ಹಳೆಯ ಸ್ಟೀಲ್ ಡಬ್ಬಿ ಹುಡುಕಿ ತೆಗೆದು, ಬೆಣ್ಣೆ ಕೇಕು ತುಂಬಿ, ಮಗಳ ಕೈಯಲ್ಲಿ ಮೇಲೆ ಕಳುಹಿಸಿದಳು. ಡಬ್ಬಿಯನ್ನು ತೆಗೆದುಕೊಂಡರು. ಅದು ಇನ್ನೂ ಅಲ್ಲೇ ಇದೆ. ಕೇಳಿ ತರುವುದು ಚೆನ್ನಲ್ಲ ಎಂದು ತಂಗಿ ಕಾಯುತ್ತಿದ್ದಾಳೆ.